ಫ್ರಿಡ್ಜ್ ನಂಬರ್ ಎರಡು ಮತ್ತು ಒಂದು ಅಟ್ಟೆ ಮಲ್ಲಿಗೆ

ಮಾನ್ಯ ಫ್ರಿಡ್ಜ್ ನಂಬರ್ ಎರಡು ಅವರಿಗೆ,
ಆಸ್ಪತ್ರೆಯ ಫಾರ್ಮಸಿ, ಎರ್ನಾಕುಲಂ.

ಮಾನ್ಯರೇ,

ಎರಡು ಡಿಗ್ರಿಗಿಂತ ಕೆಳಗಿಳಿಯದೆ, ಎಂಟು ಡಿಗ್ರಿಗಿಂತ ಮೇಲೇರದೆ, ಹೊಟ್ಟೆ ತುಂಬ ಇನ್ಸುಲಿನ್ ಇಟ್ಟುಕೊಂಡು ತಣ್ಣಗೆ ನಿಂತಿರುವ ತಮ್ಮ ಪಾದಗಳಿಗೆ, ಅಂದರೆ ನಾನೇ ದಿನಾ ಬೆಳಿಗ್ಗೆ ಒರೆಸುವ ಆ ನಾಲ್ಕು ಕಬ್ಬಿಣದ ಕಾಲುಗಳಿಗೆ, ತಿರುವನಂತಪುರಕ್ಕೆ ಓಡುತ್ತಿರುವ ರೈಲಿನ ಕಿಟಕಿ ಪಕ್ಕದಿಂದ ಸಾಷ್ಟಾಂಗ ನಮಸ್ಕಾರ.

ತಮ್ಮಂಥ ದೊಡ್ಡವರಿಗೆ ನನ್ನ ಗುರುತು ಇರಲಿಕ್ಕಿಲ್ಲ. ನನ್ನ ಕುತ್ತಿಗೆಯ ಕಾರ್ಡಿನಲ್ಲಿ ‘ಫಾರ್ಮಸಿ ಟೆಕ್ನೀಷಿಯನ್’ ಎಂದು ಬರೆದಿದೆ. ಆದರೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಯಲ್ಲಿ ರೋಗಿಗೆ ಒಂದು ಮಾತ್ರೆಯನ್ನೂ ಕೊಡಿಸುವಂತಿಲ್ಲವಾದ್ದರಿಂದ, ನನ್ನ ಟೆಕ್ನಿಕ್ಕೆಲ್ಲ ಪೆಟ್ಟಿಗೆ ಹೊರುವುದರಲ್ಲಿ, ಕಪಾಟು ಜೋಡಿಸುವುದರಲ್ಲಿ ಮತ್ತು ದಿನಕ್ಕೆ ಮೂರು ಸಲ ತಮ್ಮೆದುರು ನಿಂತು ತಮ್ಮ ಮೈಬಿಸಿ ಎಷ್ಟೆಂದು ಪುಸ್ತಕದಲ್ಲಿ ಬರೆಯುವುದರಲ್ಲಿ ಖರ್ಚಾಗುತ್ತದೆ. ಕರೆಂಟು ಹೋದರೆ ತಮಗೆ ಜನರೇಟರ್ ಇದೆ, ಅದು ಕೈಕೊಟ್ಟರೆ ಬ್ಯಾಟರಿ ಇದೆ, ತಮ್ಮ ಮೈ ಒಂದು ಗೆರೆ ಬಿಸಿಯಾದರೆ ಮೂವರು ಅಧಿಕಾರಿಗಳ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಹೋದ ತಿಂಗಳು ವೈಟ್ಟಿಲದ ನನ್ನ ರೂಮಿನಲ್ಲಿ, ತಿರುಗದ ಫ್ಯಾನಿನ ಕೆಳಗೆ, ನೂರಾ ಎರಡು ಜ್ವರದಲ್ಲಿ ನಾನು ಬಿದ್ದುಕೊಂಡಿದ್ದಾಗ ಒಂದು ನಾಯಿಗೂ ಮೆಸೇಜ್ ಹೋಗಲಿಲ್ಲ. ಹೊಟ್ಟೆ ಉರಿಯುತ್ತದೆ, ಸ್ವಾಮೀ. ಅದನ್ನಾದರೂ ತಮ್ಮೊಳಗೆ ಇಟ್ಟುಕೊಂಡು ತಣ್ಣಗೆ ಮಾಡಿಕೊಡುತ್ತೀರಾ?

ಈಗ ದೂರಿಗೆ ಬರುತ್ತೇನೆ. ನಾಳೆ ಭಾನುವಾರ ತಿರುವನಂತಪುರದ ಪಟ್ಟಂನಲ್ಲಿ ನನ್ನ ಅಕ್ಕ ಶಾಲಿನಿಯ ಸೀಮಂತ. ಇದ್ದೊಬ್ಬ ತಮ್ಮ ನಾನು. ಒಂದು ದಿನ ರಜೆ ಕೊಡಿ ಎಂದು ನಮ್ಮ ಇನ್‌ಚಾರ್ಜ್ ಜಾಯ್ಸ್ ಮೇಡಂ ಹತ್ತಿರ ಕೇಳಿದೆ. ಮೇಡಂ ಮಂಗಳೂರಿನವರು, ಬೈಯುವಾಗ ಮಾತ್ರ ಕನ್ನಡದಲ್ಲಿ ಬೈಯುತ್ತಾರೆ. “ನೀನು ಹೋದ್ರೆ ಫ್ರಿಡ್ಜಿನ ಟೆಂಪರೇಚರ್ ಯಾರು ಬರೀತಾರೆ, ನಿನ್ನ ಅಜ್ಜನಾ?” ಎಂದರು. ಜ್ವರ ಬಂದಾಗಲೂ ಅವರದ್ದು ಇದೇ ನ್ಯಾಯ: “ನಿಂಗೆ ಜ್ವರ ಬಂದ್ರೆ ಒಂದು ಮಾತ್ರೆ ನುಂಗು ಮಾರಾಯ, ಫ್ರಿಡ್ಜಿಗೆ ಜ್ವರ ಬಂದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?”

ಅತ್ತ ಪಟ್ಟಂನಲ್ಲಿ ಕೂತಿರುವ ಅಮ್ಮ, ಇಲ್ಲಿಯ ‘ಮುಲ್ಲಪ್ಪೂ’ ಮಲ್ಲಿಗೆಯೇ ಅಲ್ಲ, ಮಗಳ ಜಡೆಗೆ ಉಡುಪಿ ಮಲ್ಲಿಗೆಯೇ ಆಗಬೇಕೆಂದು ಹಟ ಹಿಡಿದದ್ದರಿಂದ, ಊರಿನಿಂದ ದಾಮೋದರ ಮಾವ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಬಾಳೆಲೆಯಲ್ಲಿ ಕಟ್ಟಿ ರೈಲಿನಲ್ಲಿ ಕಳಿಸಿದರು. ಇವತ್ತು ಬೆಳಿಗ್ಗೆ ಸ್ಟೇಷನ್ನಿನಿಂದ ತಂದೆ. ನಾನು ಹೋಗದಿದ್ದರೂ ಸಂಜೆ ಆ ಕಡೆ ಹೋಗುವ ಯಾರದ್ದಾದರೂ ಕೈಯಲ್ಲಿ ಹೂವಾದರೂ ಹೋಗಲಿ, ಅಲ್ಲಿಯವರೆಗೆ ಬಾಡದಿರಲಿ ಎಂದು ತಮ್ಮ ಕೆಳಗಿನ ಖಾಲಿ ತಟ್ಟೆಯಲ್ಲಿ ಮಲಗಿಸಿದೆ. ತಪ್ಪು, ಒಪ್ಪಿದೆ. ಆದರೆ ಬಾಳೆಲೆಯ ತುದಿ ಸಿಕ್ಕಿ ಬಾಗಿಲು ಒಂದು ಬೆರಳು ತೆರೆದಿದ್ದಕ್ಕೆ, ಸೀಮಂತ ತಮ್ಮದೇ ಎಂಬಂತೆ, ಹೆರಿಗೆ ನೋವು ಶುರುವಾದವರ ಹಾಗೆ ಕಿರುಚಿಕೊಳ್ಳಬೇಕಿತ್ತೇ?

ಮೂರು ಮೊಬೈಲು ಕೂಗಿದವು. ಜಾಯ್ಸ್ ಮೇಡಂ ಕ್ಯಾಂಟೀನಿನಿಂದ ಅರ್ಧ ತಿಂದ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಹಿಡಿದುಕೊಂಡೇ ಓಡಿಬಂದು, ಔಷಧವೆಲ್ಲ ಸರಿಯಿದೆಯೆಂದು ಒಂದೊಂದಾಗಿ ನೋಡಿ, ಪೊಟ್ಟಣ ಹೊರಗೆಳೆದರು. “ಇನ್ಸುಲಿನ್ ಪಕ್ಕ ಮಲ್ಲಿಗೆಯಾ? ಯಾರಿಗೆ ಮದುವೆ, ಫ್ರಿಡ್ಜಿಗಾ? ಮೂರು ದಿನ ಸಸ್ಪೆಂಡ್ ನೀನು! ಬುಧವಾರ ಎಂಟು ಗಂಟೆಗೆ ಬಾ.” ಹೂವನ್ನು ಕಸದ ಡಬ್ಬಿಯ ಮೇಲೆ ಹಿಡಿದರು. ನನ್ನ ಜೀವ ಅದೇ ಡಬ್ಬಿಯಲ್ಲಿತ್ತು. ಅಷ್ಟರಲ್ಲಿ ಬಾಳೆಲೆ ಬಿಚ್ಚಿಕೊಂಡು ಡೆಟಾಲಿನ ವಾಸನೆಯೇ ಸತ್ತುಹೋಯಿತು. ಮೇಡಂ ಮೂಸಿದರು. ಇನ್ನೊಮ್ಮೆ ಮೂಸಿದರು. ಕತ್ತರಿ ತೆಗೆದು ಒಂದು ಮೊಳ ಕತ್ತರಿಸಿಕೊಂಡು, ಉಳಿದದ್ದನ್ನು ನನ್ನ ಎದೆಗೆ ಒತ್ತಿ, “ಇನ್ನೂ ನಿಂತಿದ್ದೀಯಲ್ಲ, ರೈಲು ನಿಂಗೆ ಕಾಯ್ತದಾ?” ಎಂದು ಗದರಿದರು.

ಒಂದು ದಿನ ಕೇಳಿದವನಿಗೆ ಮೂರು ದಿನ! ಪೂಜ್ಯರೇ, ತಮ್ಮ ಕಿರುಚಾಟದ ಹೆಸರನ್ನೇ ನನ್ನ ಅಕ್ಕನ ಮಗುವಿಗೆ ಇಡಬೇಕೆಂದಿದ್ದೇನೆ. ‘ಬೀಪ್’ ಎಂಬುದು ಗಂಡಿಗೂ ಹೆಣ್ಣಿಗೂ ಹೊಂದುತ್ತದೆ. ಪ್ರತಿಯಾಗಿ ದಯವಿಟ್ಟು ನನ್ನನ್ನು ಒಂದು ಸೀಸೆ ಇನ್ಸುಲಿನ್ ಎಂದು ನೇಮಕ ಮಾಡಿಸಿ, ಎರಡನೇ ತಟ್ಟೆಯಲ್ಲಿ ಜಾಗ ಕೊಡಿಸಿ, ನನ್ನ ಮೈ ಬಿಸಿಯಾದಾಗಲೂ ಮೂವರಿಗೆ ಮೆಸೇಜ್ ಹೋಗುವಂತೆ ಶಿಫಾರಸು ಮಾಡಬೇಕಾಗಿ ವಿನಂತಿ.

ಬುಧವಾರ ಬೆಳಿಗ್ಗೆ ಎಂಟರಿಂದ ಮತ್ತೆ
ತಮ್ಮ ವಿಶ್ವಾಸಿ,
ಸುಮಂತ್

ತಾ.ಕ.: ಈ ಮೂರು ದಿನ ತಮ್ಮ ಮೈಬಿಸಿ ಬರೆಯುವವರು ಸ್ವತಃ ಜಾಯ್ಸ್ ಮೇಡಂ. ಅವರ ಮುಡಿಯ ಮಲ್ಲಿಗೆ ಸಂಜೆಗೆ ಬಾಡಲು ಶುರುವಾದಾಗ, ಅವರು ಅತ್ತಿತ್ತ ನೋಡಿ ತಮ್ಮ ಕೆಳಗಿನ ತಟ್ಟೆಯ ಕಡೆ ಬಗ್ಗಿದರೆ, ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಅವರನ್ನೂ ಸಸ್ಪೆಂಡ್ ಮಾಡಿಸಿದರೆ ತಮ್ಮ ಜ್ವರ ನೋಡಲು ಯಾರೂ ಉಳಿಯುವುದಿಲ್ಲ. ಆಗ ಗೊತ್ತಾಗುತ್ತದೆ, ವೈಟ್ಟಿಲದ ರೂಮು ಹೇಗಿರುತ್ತದೆಂದು.