ಕೆಮ್ಮಿಲ್ಲದ ಭಾಷಣ

ಧಣಿ ತಿಪ್ಪೇರುದ್ರಪ್ಪನವರ ಭಾಷಣದಲ್ಲಿ ಮಾತಿಗಿಂತ ಕೆಮ್ಮು ಹೆಚ್ಚಿತ್ತು. ತಂಟೆ ಹುಟ್ಟಿದ್ದು ಅಲ್ಲಿಂದಲೇ.

ಕುರುಗೋಡಿನ ಪಕ್ಕ ಅದಿರು ಪುಡಿಮಾಡುವ ಕಾರ್ಖಾನೆ ಹಾಕಲು ಧಣಿ ಹೊರಟಿದ್ದರು. ಮರುದಿನ ಅಲ್ಲಿ ಊರವರ ಒಪ್ಪಿಗೆ ಕೇಳುವ ಸಭೆ. ಅದಕ್ಕೂ ಮೊದಲೇ 'ನಮ್ಮ ಕಾರ್ಖಾನೆಯಿಂದ ಒಂದು ಚಿಟಿಕೆ ಧೂಳೂ ಏಳುವುದಿಲ್ಲ' ಎಂದು ಧಣಿಯ ಸ್ವಂತ ದನಿ ಆಟೋ ಮೈಕುಗಳಲ್ಲಿ ಕುರುಗೋಡು, ಸಿರುಗುಪ್ಪ ಎರಡೂ ಕಡೆ ಮೊಳಗಬೇಕಿತ್ತು. ಆದರೆ ಗಣಿಗಾಳಿ ಕುಡಿದು ಬೆಳೆದ ಗಂಟಲಿಗೆ 'ಧೂಳು' ಎನ್ನುವ ಶಬ್ದವೇ ಒಗ್ಗುತ್ತಿರಲಿಲ್ಲ. 'ಧೂ' ಎಂದರೆ ಖೊಕ್, 'ಳು' ಎಂದರೆ ಖೊಕ್ ಖೊಕ್.

ಆ ಕೆಮ್ಮನ್ನೆಲ್ಲ ಕತ್ತರಿಸಿ ಸಂಜೆಯೊಳಗೆ ಹೊಸ ಸಿ.ಡಿ. ಕೊಡುವ ಕೆಲಸ ಬಳ್ಳಾರಿ ಕೌಲ್ ಬಜಾರಿನ ಅಜರುದ್ದೀನನ ಕೊರಳಿಗೆ ಬಿತ್ತು. ಸದ್ದು ಹೀರಲೆಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿಕೊಂಡ, ಕಪಾಟಿನಷ್ಟಗಲದ ರೆಕಾರ್ಡಿಂಗ್ ಸ್ಟುಡಿಯೋ ಅವನದು. ಆ ಕಟ್ಟಡವನ್ನು ಧಣಿ ಹೋದ ವರ್ಷ ಕೊಂಡಿದ್ದರು. ಅದಿರಿನ ದುಡ್ಡಿಗೆ ಬಳ್ಳಾರಿಯ ಗೋಡೆಗಳು ಹಾಗೆ ಕೈ ಬದಲಿಸುತ್ತಿದ್ದವು, ಗೋಡೆಗೆ ಒರಗಿ ನಿಂತವರ ಸಮೇತ. ಧಣಿಯ ಬಲಗೈ ವೀರಭದ್ರ ಭಾಷಣದ ಸಿ.ಡಿ. ಕೊಟ್ಟು ಹೋಗುವಾಗ ಬಾಗಿಲ ಚಿಲಕವನ್ನೊಮ್ಮೆ ಎಳೆದು ನೋಡಿದ.

"ಗಟ್ಟಿ ಐತಿ. ಸಂಜಿಕಿ ಕೆಲ್ಸ ಆಗ್ಲಿಲ್ಲಾಂದ್ರ ಬೀಗ ಹಾಕಾಕ ತ್ರಾಸಿಲ್ಲ."

ಅಜರುದ್ದೀನ್ ಭಾಷಣವನ್ನು ಕಂಪ್ಯೂಟರಿಗೆ ಇಳಿಸಿ, ಮೊದಲ ಕೆಮ್ಮಿಗೆ ಕತ್ತರಿ ಇಡುವಷ್ಟರಲ್ಲಿ ಕರೆಂಟು ಹೋಯಿತು. ಆಮೇಲೆ ಕರೆಂಟು ಬಂತು, ಸಾಫ್ಟ್‌ವೇರ್ ಬರಲಿಲ್ಲ. ತೆರೆಯ ಮೇಲೆ ನೀಲಿ ಅಲೆಯ ಚಿತ್ರ ಮೂಡಿ, ನಡುಗಿ, ಮಾಯವಾಯಿತು. ಹೊಸ್ತಿಲ ತನಕ ಬಂದ ಬೀಗರು ಚಪ್ಪಲಿ ಬಿಡುವ ಮೊದಲೇ ಮುನಿಸಿಕೊಂಡು ತಿರುಗಿದ ಹಾಗೆ. ತಪ್ಪಾಗಿದೆ, ಕಂಪನಿಗೆ ವರದಿ ಕಳಿಸಲೇ ಎಂದು ಕೇಳುವ ಚೌಕವೊಂದೇ ಉಳಿಯಿತು. ಮತ್ತೆ ಒತ್ತಿದ. ಮತ್ತೆ ಬೀಗರು, ಮತ್ತೆ ಮುನಿಸು. ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಅದೇ ಕತೆ.

ಎದುರಂಗಡಿಯ ಮಿಕ್ಸರ್ ರಿಪೇರಿ ಖಾದರಸಾಬ್ ಕರೆಯದೆಯೇ ಬಂದ. ಯಾವ ಯಂತ್ರ ಕೆಟ್ಟರೂ ಧೂಳೇ ಕಾರಣ ಎನ್ನುವುದು ಅವನ ವೇದಾಂತ. ಡಬ್ಬಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಒಳಗೆ ಬದನೆ ಸಸಿ ನೆಡುವಷ್ಟು ಕೆಂಪು ಮಣ್ಣು.

"ಬೇಟಾ, ಈ ಅದಿರನ್ನ ಚೀನಾಕ್ಕ ಕಳಿಸಿಬಿಡು. ನಾಳಿಂದ ನೀನೂ ಧಣಿನೇ."

ಅಂಗಡಿಯಲ್ಲಿದ್ದವರೆಲ್ಲ ಕೆಮ್ಮಿ ಮುಗಿಸಿದ ಮೇಲೆ ಸಾಫ್ಟ್‌ವೇರ್ ಮತ್ತೊಮ್ಮೆ ಬಂದು, ಹೋಯಿತು.

ಪಕ್ಕದ ಮನೆಯ ದಾವಲಬೀ ಯಂತ್ರಕ್ಕೆ ದೃಷ್ಟಿ ತಾಗಿದೆ ಎಂದಳು. ಬೇಡ ಖಾಲಾ ಎನ್ನುವುದರೊಳಗೆ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿಯೂ ಆಗಿತ್ತು. ಘಾಟಿಗೆ ಬೀದಿಯೇ ಕೆಮ್ಮಿತು, ಯಂತ್ರ ಮಾತ್ರ ಜಗ್ಗಲಿಲ್ಲ. ಆ ಚೌಕ ಪಾಪ ಅಷ್ಟು ಕೇಳಿಕೊಳ್ಳುತ್ತಿದೆಯಲ್ಲ, ವರದಿ ಕಳಿಸಿಯಾದರೂ ನೋಡು ಎಂದು ಖಾದರಸಾಬ್ ಹಠ ಹಿಡಿದ.

ಅಜರುದ್ದೀನನ ತಾಳ್ಮೆ ತಳ ಕಂಡಿತು. "ಚಾಚಾ, ಲಾರಿ ಧೂಳಿನ ಬಗ್ಗೆ ಈ ಓಣಿಯವ್ರು ಕೊಟ್ಟ ಅರ್ಜಿನೇ ಯಾವ ಮೇಜಿನ ಮ್ಯಾಲ ಮಲಗೇತೋ ಗೊತ್ತಿಲ್ಲ. ನನ್ನ ವರದಿ ಓದಾಕ ಅಮೆರಿಕದವ್ರು ಎದ್ದು ಕುಂತಾರೇನು?"

ಜೆರಾಕ್ಸ್ ಅಂಗಡಿಯಿಂದ ಸಾಫ್ಟ್‌ವೇರಿನ ಸಿ.ಡಿ. ಇಸಿದುಕೊಂಡು ಬಂದು, ಹಳೆಯದನ್ನು ಕಿತ್ತು ಹೊಸದಾಗಿ ಹಾಕಿದ. ಹೊಸ ಅಂಗಿ ತೊಟ್ಟ ಹಳೇ ರೋಗಿಯಂತೆ ಅದೂ ಬಂದು ಬಿದ್ದುಹೋಯಿತು. ನಡುನಡುವೆ ವೀರಭದ್ರನ ಫೋನು. ಆಗುತ್ತಿದೆ ಅಣ್ಣಾ, ಆಗುತ್ತಿದೆ ಎಂದು ಹೇಳಿ ಹೇಳಿ ಅಜರುದ್ದೀನನ ನಾಲಗೆ ಒಣಗಿತು.

ತಲೆ ಹಿಡಿದು ಕೂತಾಗಲೇ ಹೊಳೆದದ್ದು. ಕರೆಂಟು ಹೋದಾಗ ಅರ್ಧಕ್ಕೆ ನಿಂತ ಕೆಲಸವನ್ನು ಸಾಫ್ಟ್‌ವೇರ್ ಬೇರೊಂದು ಕಡೆ ಎತ್ತಿಟ್ಟಿತ್ತು. ಏಳುತ್ತಲೇ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮುರುಕು ಭಾಷಣ ಗಂಟಲಲ್ಲಿ ಸಿಕ್ಕಿ ಪ್ರಾಣ ಬಿಡುತ್ತಿತ್ತು. ಕಿತ್ತು ಹೊಸದು ಹಾಕಿದರೂ ಆ ತುಣುಕು ಇದ್ದಲ್ಲೇ ಇತ್ತು. ಹುಡುಕಿ ಅಳಿಸಿದ. ಸಾಫ್ಟ್‌ವೇರ್ ಬಂತು, ಚಪ್ಪಲಿ ಬಿಟ್ಟು ಒಳಗೂ ಬಂತು.

"ಪುಣ್ಯವಂತ ಮಿಷನ್ನು," ಎಂದ ಖಾದರಸಾಬ್. "ಧಣೇರ ಭಾಷಣ ಅಳಿಸಿದ್ರ ಆರಾಮಾತು. ನಮ್ಗ ಹಂಗ ಅಳಿಸೋ ಗುಂಡಿ ಎಲ್ಲೈತೋ ಏನೋ."

ವೀರಭದ್ರ ಕೊಟ್ಟಿದ್ದ ಸಿ.ಡಿ.ಯಿಂದ ಅಜರುದ್ದೀನ್ ಭಾಷಣವನ್ನು ಮತ್ತೆ ಇಳಿಸಿದ. ಹೊಲದ ಕಳೆ ಕಿತ್ತಂತೆ ಒಂದೊಂದೇ ಕೆಮ್ಮು ಕಿತ್ತ. ಅರ್ಧ ತಾಸಿನ ಭಾಷಣ ಹತ್ತು ನಿಮಿಷಕ್ಕೆ ಇಳಿಯಿತು. ಉಳಿದ ದನಿ ಕಾಲುವೆ ನೀರಿನಂತೆ ಸರಾಗ. ಆಟೋಗಳು ಸಿ.ಡಿ. ಹಾಕಿಕೊಂಡು ಹೊರಟ ಮೇಲೆ ಅವನು ಆ ದಿನದ ಮೊದಲ ಚಹಾ ಕುಡಿದ.

ದೀಪ ಹಚ್ಚುವ ಹೊತ್ತಿಗೆ ವೀರಭದ್ರ ಬಂದ. ಸ್ಟೂಲು ಎಳೆದು ಕೂತ.

"ಕುರುಗೋಡಾಗ ಮಂದಿ ಆಟೋ ತಡದು ನಿಂದ್ರಿಸ್ಯಾರ. ಇದು ಧಣೇರ ದನಿ ಅಲ್ಲ, ಧಣೇರೂ ನಮ್ಮಂಗ ಕೆಮ್ತಾರ ಅಂದ್ರಂತ. ಚನ್ನವೀರಮ್ಮ ಅಂತ ಒಬ್ಬಾಕಿ ಮುದುಕಿ ಸವಾಲು ಹಾಕ್ಯಾಳ. ಹತ್ತು ನಿಮಿಷ ಕೆಮ್ಮದಂಗ ಮಾತಾಡೋ ಮನುಷ್ಯ ಈ ಸೀಮ್ಯಾಗ ಅದಾನಂದ್ರ ನಾಳಿ ಕರ್ಕೊಂಬರ್ರಿ, ನಮ್ಮೂರ ಲಾರಿ ದಾರ್ಯಾಗ ನಿಂತು ಇದನ್ನೇ ಅನ್ಲಿ, ಧೂಳಿಲ್ಲ ಅಂತ ಎಲ್ಲಾರೂ ಒಪ್ಗೊಂತೀವಿ ಅಂತ."

ಅಜರುದ್ದೀನ್ ಎದ್ದು ನಿಂತ. "ಧಣೇರು ಏನಂದ್ರು?"

"ಸವಾಲು ಒಪ್ಕೊಂಡಾರ. ಸಿ.ಡಿ. ಅವ್ರೂ ಕೇಳಿದ್ರು. ಇದು ನಾನಂತೂ ಅಲ್ಲ, ಆದ್ರ ಯಾವನೋ ಭಾಳ ಚಲೋ ಮಾತಾಡ್ಯಾನ ಅಂದ್ರು. ಮುಂಜಾನಿ ಕಾರು ಬರ್ತತಿ. ಆ ಮನುಷ್ಯಾನ್ನ ಕೂರಿಸಿ ಕಳಿಸು. ಇಲ್ಲಾಂದ್ರ ಗೊತ್ತೈತಲ್ಲ?"

ಆ ಮನುಷ್ಯ ಹುಟ್ಟಿದ್ದೇ ಈ ಮಿಷನ್ನಿನಲ್ಲಿ ಅಣ್ಣಾ ಎಂದು ಅಜರುದ್ದೀನ್ ಕೈ ಮುಗಿದ. ವೀರಭದ್ರ ಏನೋ ಗದರಲು ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮುತ್ತಲೇ ಕಾರು ಹತ್ತಿದ.

ಕೆಮ್ಮದ ಒಬ್ಬನನ್ನು ಹುಡುಕಲು ಅಜರುದ್ದೀನ್ ಬೀದಿಗಿಳಿದು ಸಿಕ್ಕಸಿಕ್ಕವರ ಬಾಯಲ್ಲಿ ಧೂಳಿಲ್ಲವೆನ್ನುವ ಆ ವಾಕ್ಯ ಹೇಳಿಸತೊಡಗಿದ. ತಾನೇ ಮೊದಲು ಹೇಳಿ ನೋಡಿದ, 'ನಮ್ಮ' ದಾಟಲಿಲ್ಲ. ಖಾದರಸಾಬ್ 'ಕಾರ್ಖಾನೆ'ಗೆ ಬಿದ್ದ. ದಾವಲಬೀ ಸೆರಗು ಬಿಗಿದು, ಉಸಿರು ಕಟ್ಟಿ, 'ಒಂದು ಚಿಟಿಕೆ' ತನಕ ಬಂದಳು.

ಕೌಲ್ ಬಜಾರಿನಲ್ಲಿ ಇವತ್ತಿಗೂ ಅದೇ ದಾಖಲೆ.