ಗಾಡಿಗೊಂದು ಹಾರ್ನಿನ ಕಾವಲು

ವರ್ಷಗಟ್ಟಲೆ ಕಾದ ವಸ್ತು ಕೈಗೆ ಬಂದ ದಿನವೇ ಮನುಷ್ಯನ ನೆಮ್ಮದಿ ಕೈಬಿಟ್ಟು ಹೋಗುತ್ತದೆ. ಎಪ್ಪತ್ತರ ದಶಕದ ಮಾತು. ಹಿರಿಯೂರಿನಲ್ಲಿ ದನದ ಡಾಕ್ಟರಾಗಿದ್ದ ನಾನು ಹೆಸರು ಬರೆಸಿ, ಕಾದು ಕಾದು, ಕೊನೆಗೂ ಒಂದು ಮೋಟಾರ್ ಸೈಕಲ್ಲಿನ ಒಡೆಯನಾದೆ. ಅದೇ ವಾರ ಚಿತ್ರದುರ್ಗದ ಟಾಕೀಸಿನ ಮುಂದೆ ಯಾರದೋ ಸ್ಕೂಟರ್ ಮಾಯವಾಯಿತಂತೆ. ನಿಜವೋ ಸುಳ್ಳೋ ವಿಚಾರಿಸುವ ತಾಳ್ಮೆ ನನಗಿರಲಿಲ್ಲ. ಅಂದಿನಿಂದ ಹೋಟೆಲಿಗೆ ಹೋದರೆ ಬೀದಿ ಕಾಣುವ ಬೆಂಚೇ ಆಗಬೇಕು. ಕ್ಷೌರಕ್ಕೆ ಕೂತಾಗ ಗಾಡಿ ನೋಡಲೆಂದು ಕತ್ತು ತಿರುಗಿಸಿ ಕಿವಿಗೆ ಗಾಯ ಮಾಡಿಸಿಕೊಂಡೆ. "ಊಟಕ್ಕಾದ್ರೂ ಕುಂತ್ಕಳ್ರಿ, ಬಾಗ್ಲಲ್ಲಿ ನಿಂತು ಉಣ್ಣೋದು ಯಾವ ಚಂದ?" ಎಂದು ಹೆಂಡತಿ ಶಾರದೆ ಗದರುವಳು.

ಕಡೆಗೆ ದುರ್ಗದ ಮೆಕ್ಯಾನಿಕ್ ಖಾದರ್ ಸಾಬರ ಬಳಿ ಹೋದೆ. ಸರಪಳಿ ಬೀಗ ಹಾಕಿಸಲೇ ಎಂದೆ. "ಹಾಕ್ಸಿ, ಕಳ್ಳ ಕತ್ತರಿಸ್ತಾನೆ." ಇಂಜಿನ್ ಸ್ಟಾರ್ಟ್ ಆಗದಂತೆ ಗುಟ್ಟಾದ ಸ್ವಿಚ್ಚು ಇಡಿಸಲೇ? "ತಳ್ಕೊಂಡು ಹೋಗ್ತಾನೆ." ಮತ್ತೇನು ಮಾಡಲಿ? "ಹಾರ್ನಿಗೆ ಒಂದು ವೈರ್ ಕೊಡ್ತೀನಿ. ಗಾಡಿ ಅಲುಗಿದ್ರೆ ಸಾಕು, ಕೂಗುತ್ತೆ. ಆದ್ರೆ ಡಾಕ್ಟ್ರೇ, ಅಲುಗಿಸಿದೋನು ಯಾರು ಅಂತ ಅದಕ್ಕೆ ಗೊತ್ತಾಗಲ್ಲ."

ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಮೊದಲ ವಾರದಲ್ಲಿ ಹಾರ್ನು ಹಿಡಿದುಕೊಟ್ಟದ್ದು ಒಂದು ಕಾಗೆ, ಒಬ್ಬ ಪೋಸ್ಟ್‌ಮನ್ ಮತ್ತು ನನ್ನ ಅತ್ತೆಯವರನ್ನು.

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತಿರದ ಆದಿವಾಲ ಹಳ್ಳಿಯಿಂದ ಕರೆ ಬಂತು. ಕುರಿ ಸಾಕುವ ಈರಜ್ಜನ ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಗಾಡಿಯನ್ನು ಅಂಗಳದಾಚೆ ನಿಲ್ಲಿಸಿ ಕೊಟ್ಟಿಗೆಗೆ ಹೋದೆ. ಒಳಗೆ ಮರಿಯ ಒಂದು ಕಾಲು ಮಡಚಿಕೊಂಡಿತ್ತು. ಮೊಳಕೈವರೆಗೆ ಸೋಪು ಬಳಿದುಕೊಂಡು, ಆ ಕಾಲನ್ನು ಮೆಲ್ಲಗೆ ನೇರ ಮಾಡಿದೆ. ಇನ್ನೇನು ಎಳೆಯಬೇಕು, ಹೊರಗೆ ಹಾರ್ನು ಬಾಯಿ ಬಡಿದುಕೊಂಡಿತು.

"ಕಳ್ಳ!" ಎಂದು ಕೈ ಕಿತ್ತುಕೊಂಡು ಓಡಿಯೇ ಬಿಟ್ಟೆ. "ಎಲ್ಲಿಗೆ ಹೋಗ್ತೀರಿ ಡಾಕ್ಟ್ರೇ, ಕುರಿ ಸಾಯ್ತೈತೆ!" ಎಂದು ಈರಜ್ಜ ಕೂಗಿದ್ದು ಬೆನ್ನಿಗೆ ಬಡಿಯಿತು. ಆದರೂ ನಿಲ್ಲಲಿಲ್ಲ. ಹೊರಗೆ ದೊಡ್ಡ ಟಗರೊಂದು ನನ್ನ ಗಾಡಿಗೆ ಮೈಯುಜ್ಜುತ್ತಾ ತುರಿಕೆಯ ಸುಖ ಅನುಭವಿಸುತ್ತಿತ್ತು.

ಟಗರನ್ನು ಅಟ್ಟಿ, ಹಾರ್ನಿನ ಬಾಯಿ ಮುಚ್ಚಿಸಿ ಒಳಗೆ ಬಂದೆ. ಈರಜ್ಜನ ಹೆಂಡತಿ ಕರಿಯಮ್ಮ ನನ್ನದೇ ಸೋಪು ಬಳಿದುಕೊಂಡು ಮರಿಯನ್ನು ಹೊರಗೆಳೆದು, ಅದರ ಮೂಗು ಒರೆಸುತ್ತಿದ್ದಳು. ಅದು ಒಮ್ಮೆ ಸೀನಿತು. ನನಗೂ ಆಗಲೇ ಉಸಿರು ಬಂದದ್ದು.

"ಬರ್ರಿ, ಎರಡೂ ಜೀವ ಉಳಿದ್ವು," ಎಂದಳು ಆ ಮಹಾತಾಯಿ, ತಲೆಯೆತ್ತದೆ. "ಕಳ್ಳ ಸಿಕ್ಕನೇನ್ರಿ?"

"ಸಿಕ್ಕನಮ್ಮ," ಎಂದೆ. ಯಾವ ಕಳ್ಳ ಎಂದು ಅವಳು ಕೇಳಲಿಲ್ಲ, ಪುಣ್ಯ. ಕೆಲಸಗಳ್ಳ ಎಂದು ಹೇಳಬೇಕಾಗುತ್ತಿತ್ತು.

ಹೊರಗೆ ಹೋಗಿ ವೈರನ್ನು ಕಿತ್ತೆಸೆದೆ. ಬಂದು ಬಾಗಿಲಿಗೆ ಬೆನ್ನು ಹಾಕಿ, ಕುರಿಗೆ ಔಷಧಿ ಕುಡಿಸಿ, ಮರಿ ಮೊಲೆಗೆ ಬಾಯಿ ಹಾಕುವವರೆಗೂ ಕದಲದೆ ಕೂತೆ. ಈರಜ್ಜ ಮೆಚ್ಚಿಕೊಂಡ. ಅಷ್ಟರಲ್ಲಿ ನಾನು ಮೂರು ಸಲ ಕತ್ತು ತಿರುಗಿಸಿದ್ದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.