ಯಂತ್ರಕ್ಕೇ ಸಾಕಾಯಿತು

ನನಗೊಂದು ಕೆಟ್ಟ ಚಾಳಿಯಿದೆ: ಯಾರು ಏನು ಕೇಳಿದರೂ ಇನ್ನೊಬ್ಬರತ್ತ ಕೈ ತೋರಿಸುವುದು. ಟ್ರಂಕಿನ ಬೀಗದ ಕೈ ಎಲ್ಲಿ ಎಂದು ಹೆಂಡತಿ ಕೇಳಿದರೆ ಮಗಳನ್ನು ಕೇಳು ಅನ್ನುತ್ತೇನೆ. ಮಗಳು ಅಜ್ಜಿಯನ್ನು ತೋರಿಸುತ್ತಾಳೆ, ಅಜ್ಜಿ ನನ್ನನ್ನು. ಮನೆಯಲ್ಲಿ ಇದಕ್ಕೆ ಬೈಗುಳ ಸಿಗುತ್ತದೆ, ಕಚೇರಿಯಲ್ಲಿ ಸಂಬಳ ಸಿಗುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ನಮ್ಮ ರಾಯಚೂರಿನ ಕಚೇರಿಗೆ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಹೋದಂತೆ ಒಳಗೆ ಹೋಗುತ್ತಿದ್ದೆವು. ಹದಿನೈದು ದಿನದ ತರಬೇತಿಯ ಸೊಕ್ಕಿನಲ್ಲಿ ನಾನೊಂದು ಪ್ರೋಗ್ರಾಂ ಬರೆದೆ. ಯಂತ್ರಕ್ಕೆ ತುಂಬಿದ ನಮ್ಮ ಮತ್ತು ತಾಲೂಕು ಕಚೇರಿಗಳ ದಾಖಲೆಯಲ್ಲಿ 'ಇಂಥ ಕಚೇರಿಯ ಕಡತ ನೋಡಿ' ಎಂದಿದ್ದರೆ ಅದು ಅಲ್ಲಿಗೆ ಹೋಗಬೇಕು, ಅಲ್ಲೂ ಹಾಗೇ ಇದ್ದರೆ ಇನ್ನೂ ಮುಂದಕ್ಕೆ, ಉತ್ತರ ಸಿಗುವವರೆಗೆ. ತನ್ನನ್ನೇ ಮತ್ತೆ ಮತ್ತೆ ಕರೆಯುವ ಇಂಥ ಕೆಲಸಕ್ಕೆ ಎಲ್ಲಾದರೂ ಒಂದು ಕೊನೆ ಇರಲೇಬೇಕು, ಇಲ್ಲದಿದ್ದರೆ ಇಂತಿಷ್ಟು ಆಳ ಇಳಿದ ಮೇಲೆ ಯಂತ್ರವೇ ಕೈಚೆಲ್ಲುತ್ತದೆ ಎಂದು ತರಬೇತಿಯ ಮೇಷ್ಟ್ರು ಎಚ್ಚರಿಸಿದ್ದರು.

ಯಂತ್ರಕ್ಕೆ ಮೊದಲು ಕೊಟ್ಟದ್ದು ಮಸರಕಲ್ಲಿನ ಹುಲಿಗೆಮ್ಮನ ಹೆಸರು. ಗಂಡ ದೇವದುರ್ಗದ ಕಚೇರಿಯಲ್ಲಿ ಜವಾನನಾಗಿದ್ದು ತೀರಿಹೋಗಿದ್ದ. ಅನುಕಂಪದ ಆಧಾರದ ಮೇಲೆ ಅವನ ನೌಕರಿ ಈಕೆಗೆ ಸಿಗಬೇಕಿತ್ತು. ನಾಲ್ಕು ವರ್ಷ ಅಲೆದಿದ್ದಳು, ನೌಕರಿ ಸೇರುವ ವಯಸ್ಸಿನ ಮಿತಿ ಮುಗಿಯಲು ಎರಡೇ ತಿಂಗಳಿತ್ತು. ಯಂತ್ರ ಸ್ವಲ್ಪ ಹೊತ್ತು ಗೊಣಗಿ, ಇನ್ನು ಆಳಕ್ಕೆ ಇಳಿಯಲಾರೆ ಎಂದು ನಿಂತಿತು. ಮೇಲಧಿಕಾರಿಗಳು ಇನ್ನಷ್ಟು ಇಳಿಸಲು ಹೇಳಿದರು. ಆಳದ ಮಿತಿಯನ್ನು ಹತ್ತು ಪಟ್ಟು ಏರಿಸಿದೆ. ಈ ಸಲ ಕೆಟ್ಟು ಕೂತಿತು, ಯಾವ ಗುಂಡಿ ಒತ್ತಿದರೂ ಮಾತಿಲ್ಲ. ಅಷ್ಟರೊಳಗೆ ಅಚ್ಚಾದ ಹಾಳೆಯಲ್ಲಿ ಮೂರೇ ಸಾಲು ತಿರುಗಿ ತಿರುಗಿ ಬಂದಿದ್ದವು: ದೇವದುರ್ಗ, ಮಾನ್ವಿ ನೋಡಿ. ಮಾನ್ವಿ, ರಾಯಚೂರು ನೋಡಿ. ರಾಯಚೂರು, ದೇವದುರ್ಗ ನೋಡಿ.

ಹುಲಿಗೆಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಏನಂತದರೀ ಯಪ್ಪಾ, ನಿಮ್ಮ ಮಿಷಿನ್ನು?"

"ತಿರುಗಿ ತಿರುಗಿ ಸಾಕಾತು ಅಂತದವ್ವಾ."

ಅವಳು ನಗಲಿಲ್ಲ. "ಪುಣ್ಯಾ ಮಾಡ್ಯದ. ಸಾಕಾತು ಅಂದ್ರ ಅದರ ಮಾತು ಕೇಳ್ತೀರಿ."

ನಾಚಿಕೆಯಾಗಿ ನಮ್ಮ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. 'ದೇವದುರ್ಗ ನೋಡಿ' ಎಂದು ಬರೆದ ಅಕ್ಷರ ನನ್ನದೇ. ಬಹುಶಃ ಊಟದ ಹೊತ್ತಾಗಿತ್ತು. ಅವಳ ಮೂಲ ಕಡತ ನನ್ನ ಕಪಾಟಿನಲ್ಲೇ, ಎರಡನೇ ಖಾನೆಯಲ್ಲಿ, ದಾರ ಬಿಚ್ಚದೆ ಬಿದ್ದಿತ್ತು. ತಪ್ಪು ನನ್ನದು, ಕಡತ ಇಲ್ಲಿದೆ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಆ ವರ್ಷ ನನಗೆ ಬಡ್ತಿ ಬರುವುದಿತ್ತು. 'ಯಂತ್ರ ದುರಸ್ತಿಯಾದ ಮೇಲೆ ನೋಡಿ' ಎಂದು ಬರೆದೆ.

ರಿಪೇರಿಯವನು ಬರಲು ಐದು ತಿಂಗಳಾಯಿತು. ಯಂತ್ರದಲ್ಲಿ ಏನೂ ದೋಷವಿಲ್ಲ ಎಂದು ಹೇಳಿ ಚಹಾ ಕುಡಿದು ಹೋದ. ಅಷ್ಟರಲ್ಲಿ ನನಗೆ ಬಡ್ತಿ ಬಂದಿತ್ತು. ಹುಲಿಗೆಮ್ಮ ಬರುವುದು ನಿಂತಿತ್ತು. ಅವಳು ಈಗ ಎಲ್ಲಿದ್ದಾಳೆಂದು ನಾನು ವಿಚಾರಿಸಿಲ್ಲ.

ಮೊನ್ನೆ ಹೆಂಡತಿ ಮತ್ತೆ ಬೀಗದ ಕೈ ಕೇಳಿದಳು. ಅದು ನನ್ನ ಉಡಿದಾರದಲ್ಲೇ ಇತ್ತು. ಮಗಳನ್ನು ಕೇಳು ಅಂದೆ.